ಕೆಳಗೆ ನಿಂತವರ ಪಗಾರ

ತಿಕೋಟಾದ ಗುತ್ತಿಗೆದಾರ ಸಂಗನಬಸವಣ್ಣನವರಿಗೆ,
ಬಬಲೇಶ್ವರದಿಂದ ಗೀತಾಂಜಲಿಯ ಶರಣು.

ಒಣದ್ರಾಕ್ಷಿ ಶೆಡ್ಡಿನ ಮೇಲೆ ಬಾಗಿದ ಹುಣಸೆಮರದ ಟೊಂಗೆ ಕಡಿಯಲು ಸೋಮವಾರ ನಮ್ಮ ಮನೆಯವರನ್ನು ಕರೆದಿದ್ದೀರಿ. ಅವರ ಸೊಂಟದ ಹಗ್ಗವನ್ನು ಕೆಳಗೊಬ್ಬರು ಹಿಡಿಯಲೇಬೇಕು. ಮೊದಲು ನನ್ನ ಸೋದರಮಾವ ಶಿವಾಜಿ ಹಿಡಿಯುತ್ತಿದ್ದರು. “ಮ್ಯಾಲ ಏರಿದಾಂವಗಷ್ಟ ಪಗಾರ, ಕೆಳಗ ನಿಂತಾಂವಗ ಯಾತರದ್ದು?” ಎಂದು ನೀವು ಅವರನ್ನು ಬಿಡಿಸಿದಿರಿ. ಅಂದಿನಿಂದ ನಾನೇ ಹಿಡಿಯುತ್ತಿದ್ದೇನೆ.

ಹೋದ ವಾರ ಬೇವಿನ ಮರದಲ್ಲಿ ನಮ್ಮ ಮನೆಯವರ ಕಾಲು ಜಾರಿದಾಗ ಹಗ್ಗ ನನ್ನನ್ನೇ ನೆಲದಿಂದ ಎತ್ತಿತು. ಅಲ್ಲಿ ಇಬ್ಬರೂ ನಕ್ಕೆವು. ಮನೆಗೆ ಬಂದು ಇಬ್ಬರೂ ಉಣ್ಣಲಿಲ್ಲ. ನನಗೀಗ ಏಳು ತಿಂಗಳು.

“ನೀ ಬರಬ್ಯಾಡ, ಹಗ್ಗ ಇಲ್ಲದನ ಏರತೇನಿ” ಅನ್ನುತ್ತಾರೆ. ಪಗಾರದ ಮಾತೆತ್ತಿದರೆ ನೀವು ಬೇರೆಯವರನ್ನು ಕರೆಯುತ್ತೀರೆಂಬ ಅಂಜಿಕೆ ಅವರಿಗೆ. ಅದಕ್ಕೇ ಅವರಿಗೆ ತಿಳಿಸದೆ ನಾನು ಕೇಳುತ್ತಿದ್ದೇನೆ. ಶಿವಾಜಿ ಮಾವನನ್ನು ಇಡೀ ದಿನದ ಪಗಾರ ಕೊಟ್ಟು ಕರೆಸಿರಿ.

ಇಲ್ಲವಾದರೆ ಸೋಮವಾರ ನಾನೇ ಬರುತ್ತೇನೆ. ಅವರು ಜಾರಿದರೂ ಹಗ್ಗ ಬಿಡುವವಳಲ್ಲ ನಾನು. ಕೆಳಗೆ ಎಷ್ಟು ಜೀವ ನಿಂತಿದ್ದವು ಎಂದು ಆಗ ನೀವೇ ಎಣಿಸಿರಿ.

ಇಂತಿ,
ಮರ ಏರುವ ಅಮಸಿದ್ದ ಅವರ ಹೆಂಡತಿ,
ಗೀತಾಂಜಲಿ