ಮದ್ದೂರಿನ ಬಿಸಿಲಲ್ಲಿ ಐಸು

ಲೇ ಸಿದ್ದ, ನನ್ನ ಜೀವದ ಗೆಳೆಯ,

ನಿನ್ನ ಇಂಜಿನ್ ನಿಲ್ಲಿಸಿದ ಕಳ್ಳ ಸಿಕ್ಕಿದ ಕಣ್ಲಾ! ಖುಷಿಗೆ ಕೂತಲ್ಲಿ ಕೂರಲಾಗುತ್ತಿಲ್ಲ. ಅದಕ್ಕೇ ನಾನು ಹೇಳುತ್ತಾ ಹೋಗುತ್ತಿದ್ದೇನೆ, ರೂಮಿನ ಗೆಳೆಯ ಬರೆಯುತ್ತಿದ್ದಾನೆ.

ಆ ದಿನ ನೆನಪಿದೆಯಾ? ಬೆಂಗಳೂರಿನ ನಮ್ಮ ಕಾರ್ಖಾನೆಯಲ್ಲಿ ನೀನು ಇಂಜಿನ್ ಕೂರಿಸಿದ್ದ ವಿಮಾನ, ಹೋಗಿ ಹೋಗಿ ನಿನ್ನೂರು ಕೊಕ್ಕರೆ ಬೆಳ್ಳೂರಿನ ಹೊಲದಲ್ಲೇ ಇಳಿಯಬೇಕೇ? ಮೋಡದೊಳಗೆ ಇಂಜಿನ್ ಕೆಮ್ಮಿ ಸುಮ್ಮನಾಯಿತಂತೆ. ನಾವು ಲಾರಿಯಲ್ಲಿ ಹೋಗಿ, ಪೆಟ್ರೋಲೂ ಗಾಳಿಯೂ ಬೆರೆಯುವ ಕಾರ್ಬೊರೇಟರ್ ಬಿಚ್ಚಿದರೆ ಒಳಗೆ ಅಡ್ಡ ಸಿಕ್ಕಿಕೊಂಡದ್ದು ಏನೂ ಇಲ್ಲ. ಮೇಸ್ತ್ರಿ ಊರವರೆದುರೇ, ನಿಮ್ಮವ್ವನ ಎದುರೇ, "ನೆಟ್ಟಗೆ ಕೆಲ್ಸ ಮಾಡಕ್ಕೆ ಬರಲ್ವೇನ್ಲಾ ನಿಂಗೆ?" ಅಂದರು. ನೀನು ತಲೆ ಎತ್ತಲಿಲ್ಲ. ಆ ವರ್ಷವೇ ಜ್ವರ ಬಂದು ನೀನು ಹೊರಟೇ ಹೋದೆ... ಇರಲಿ.

ಮೊನ್ನೆ ಜೆಟ್ ಇಂಜಿನ್ನಿನ ಪಾಠಕ್ಕೆ ನನ್ನನ್ನೂ ಕೂರಿಸಿದರು. ಪ್ರೊಪೆಲ್ಲರೇ ಇಲ್ಲ ಕಣ್ಲಾ ಅದಕ್ಕೆ! ಒಳಗೆ ಕುಲುಮೆಯಂಥ ಬೆಂಕಿ. ಆದರೂ ಮೋಡದಲ್ಲಿ, ಗಾಳಿ ಸೇದುವ ಅದರ ಬಾಯಿಗೆ ಐಸು ಕಟ್ಟುತ್ತದಂತೆ. ಹೊಟ್ಟೆಯೊಳಗಿನ ಬಿಸಿ ಗಾಳಿಯನ್ನೇ ಸ್ವಲ್ಪ ಬಾಯಿಗೆ ತಿರುಗಿಸಿ ಕಾಪಾಡಬೇಕಂತೆ. "ಹಳೇ ಇಂಜಿನ್ನಿನ ಕಾರ್ಬೊರೇಟರಿಗೂ ಐಸು ಕಟ್ಟುತ್ತೆ, ಬೇಸಿಗೆಯಲ್ಲೂ; ಪೆಟ್ರೋಲು ಆವಿಯಾಗುವಾಗ ಒಳಗೆ ಅಷ್ಟು ತಣ್ಣಗಾಗುತ್ತೆ," ಅಂದರು ಪಾಠ ಮಾಡುತ್ತಿದ್ದ ಇಂಜಿನಿಯರು. ನಾನು ಎದ್ದೇ ನಿಂತೆ.

"ಸಾ, ಕೆಳಿಕ್ಕೆ ಇಳಿದ್ಮೇಲೆ ಬಿಚ್ಚುದ್ರೆ ಕಾಣ್ತದಾ?"

"ಎಲ್ಲಿ ಕಾಣುತ್ತಪ್ಪ? ಕರಗಿ ಹೋಗಿರುತ್ತೆ."

ಸಿದ್ದ, ಗೊತ್ತಾಯ್ತಾ? ನಾವು ಬರುವಷ್ಟರಲ್ಲಿ ಕಳ್ಳ ಆವಿಯಾಗಿ ಹೋಗಿದ್ದ! ಆ ಸುಡು ಬಿಸಿಲಲ್ಲಿ ಐಸು ಅಂದಿದ್ದರೆ ಯಾರು ನಂಬುತ್ತಿದ್ದರು?

ಇವತ್ತು ಜಡಿಮಳೆ. ಮೇಸ್ತ್ರಿಯನ್ನು ಕಾಡಿ ಬೇಡಿ, ಅಂಥದ್ದೇ ಇಂಜಿನ್ನನ್ನು ಸ್ಟ್ಯಾಂಡಿಗೆ ಕೂರಿಸಿ, ಕಾರ್ಬೊರೇಟರಿಗೆ ಬಿಸಿ ಗಾಳಿ ಬರುವ ದಾರಿ ಮುಚ್ಚಿ ಓಡಿಸಿದೆವು. ಅದೇ ಕೆಮ್ಮು! ನಿಲ್ಲಿಸಿದ ಕೂಡಲೇ ಬಿಚ್ಚಿದೆ. ಬೆಳ್ಳಗೆ ಕಟ್ಟಿತ್ತು ಕಣ್ಲಾ! ಉಗುರಲ್ಲಿ ಕೆರೆದು ಮೇಸ್ತ್ರಿಯ ಅಂಗೈಗೆ ಹಾಕಿದೆ. ಅದು ನೀರಾಗುವವರೆಗೂ ಅವರು ಅಂಗೈ ಮುಚ್ಚಲಿಲ್ಲ. ಆಮೇಲೆ, "ಸಿದ್ದನ ಅವ್ವ ಇದ್ದಾರೇನಯ್ಯ?" ಅಂದರು.

"ಅವ್ರೆ. ಈಗ್ಲೂ ಆ ಒಲದ್ ದಾರೀಲಿ ಓಗಲ್ಲ."

"ಭಾನುವಾರ ಅಲ್ಲಿಗೇ ಹೋಗಣ ನಡಿ. ಊರವ್ರೆದುರು ಬೈದವ್ನು ನಾನು. ಮೂಲೇಲಿ ನಿಂತು ತಪ್ಪಾಯ್ತು ಅಂದ್ರೆ ಸಾಕಾ?"

ಮದ್ದೂರು ಸ್ಟೇಷನ್ನಿನಿಂದ ಆಚೆಗೆ ಗಾಡಿ ಗೊತ್ತು ಮಾಡುವುದು ನನ್ನ ಪಾಲು. ಊರವರನ್ನೆಲ್ಲ ಸೇರಿಸುವುದೂ ನನ್ನ ಪಾಲು. ಮೇಸ್ತ್ರಿ ಮಾತು ನುಂಗಿದರೆ ನಾನು ಬಿಡುವವನಲ್ಲ. ಎಲ್ಲ ಮುಗಿದ ಮೇಲೆ ನಿಮ್ಮವ್ವನ ಕೈ ಹಿಡಿದು ಆ ಹೊಲದ ನಟ್ಟನಡುವೆ ನಡೆಸಿಕೊಂಡು ಬರುತ್ತೇನೆ, ಸಿದ್ದ.

ನಿನ್ನ,
ಚೆನ್ನ