ಊಟದ ಮೇಜಿನ ಮೇಲಿನ ದೊರೆ

ಗುರುವಾರ, ಜೂನ್ ೧೪
ಅಂಗಡಿಯಿಂದ

ದೊರೆಯನ್ನು ಮುದ್ದು ಮಾಡಿ ಬೆಳೆಸಿದವರಿಗೆ,

ನಿಮ್ಮ ಕಾಗದ ಸೋಮವಾರವೇ ಬಂತು. ಉತ್ತರ ಬರೆಯಲು ಕೂತಾಗಲೆಲ್ಲ ಸಿಟ್ಟಿನಲ್ಲಿ ಎರಡು ಸಾಲು ಗೀಚಿ ಹರಿದುಹಾಕುತ್ತಿದ್ದೆ. ಈಗ ಗಿರಾಕಿಗಳಿಲ್ಲ. ಹಿಡಿ ಮುರಿದ ಕನ್ನಡಕಗಳನ್ನು ಪಕ್ಕಕ್ಕೆ ಸರಿಸಿ ಬರೆಯುತ್ತಿದ್ದೇನೆ.

"ಮನೆ ಮಾಡಿದ್ದೇನೆ, ಭಾನುವಾರ ಗಾಡಿ ಕಳಿಸುತ್ತೇನೆ, ಅಮ್ಮನನ್ನೂ ದೊರೆಯನ್ನೂ ಹತ್ತಿಸಿಬಿಡು" ಎಂದಿದ್ದೀರಿ, ಸಾಮಾನು ಸಾಗಿಸುವವರಿಗೆ ಹೇಳುವ ಹಾಗೆ. ಕೆಳಗೆ ಇನ್ನೊಂದು ಸಾಲು: "ಹಕ್ಕಿ ಸಾಕುವುದು ನಿನ್ನ ಕೈಲಾಗುವ ಕೆಲಸವಲ್ಲ." ಒಂದು ವಾರ ನೋಡಿಕೋ ಎಂದು ಪಂಜರ ಬಿಟ್ಟು ಹೋದವರು ನೀವು. ಏಳು ತಿಂಗಳಾಯಿತು. ಆ ಏಳು ತಿಂಗಳ ಕಥೆಯನ್ನು ಈಗ ಕೇಳಿಸಿಕೊಳ್ಳಿ.

ಊಟದ ಹೊತ್ತು ಬಿಟ್ಟರೆ ನಿಮ್ಮ ಕಾಕಟೂ ಗಿಳಿ ಸಾಧು. ಕಿಟಕಿಯಲ್ಲಿ ಕೂತು ಗರಿ ತೀಡಿಕೊಳ್ಳುತ್ತಾನೆ, ಅತ್ತೆಯ ಚಪ್ಪಲಿಯ ಜೊತೆ ಮಾತಾಡುತ್ತಾನೆ. ತಟ್ಟೆಯ ಸದ್ದಾಯಿತೋ, ಮುಗಿಯಿತು. ಹಳದಿ ಜುಟ್ಟು ನೆಟ್ಟಗಾಗುತ್ತದೆ, ಬುಸುಗುಟ್ಟುತ್ತಾ ಮೇಜಿನ ಈ ತುದಿಯಿಂದ ಆ ತುದಿಗೆ ಓಡಿಬರುತ್ತಾನೆ, ನೀರಿನ ಲೋಟ ಉರುಳಿಸುತ್ತಾನೆ, ಅನ್ನಕ್ಕೆ ಕೈ ಹಾಕಿದವರ ಕೈ ಕಚ್ಚುತ್ತಾನೆ. ಮೊದಲ ತಿಂಗಳೆಲ್ಲ ಅತ್ತೆಯೂ ನಾನೂ ಸರದಿಯಲ್ಲಿ ಉಂಡೆವು. ಒಬ್ಬರು ಉಣ್ಣುವಾಗ ಇನ್ನೊಬ್ಬರು ಪಾತ್ರೆಯ ಮುಚ್ಚಳ ಹಿಡಿದು ಕಾವಲು. ನೋಡಿದವರು ಯುದ್ಧ ನಡೆದಿದೆ ಎಂದುಕೊಳ್ಳಬೇಕು. ಕೊನೆಗೆ ಸೋತು ತಟ್ಟೆಯಿಂದಲೇ ಒಂದು ತುತ್ತು ತೆಗೆದು ಅವನ ಮುಂದಿಡುತ್ತಿದ್ದೆವು. ಆಗ ಸುಮ್ಮನಾಗುತ್ತಿದ್ದ.

ಏಪ್ರಿಲ್‌ನಲ್ಲಿ ಒಂದು ಬೆಳಿಗ್ಗೆ ದೊರೆಯ ಖಾಲಿ ಬಟ್ಟಲು ತೆಗೆಯಲು ಕೈ ಹಾಕಿದೆ. ಬಲಗೈ ಹೆಬ್ಬೆರಳು ಹಿಡಿದವನು ಬಿಡಲಿಲ್ಲ. ಮೂರು ಹೊಲಿಗೆ ಬಿತ್ತು. ನನ್ನ ಕೆಲಸ ನಿಮಗೆ ಗೊತ್ತು. ಕನ್ನಡಕಗಳಿಗೆ ಎಳ್ಳಿನಷ್ಟು ದಪ್ಪದ ತಿರುಪುಗಳನ್ನು ಹಿಡಿದು ಕೂರಿಸಬೇಕು. ಹನ್ನೆರಡು ದಿನ ಅಂಗಡಿ ಮುಚ್ಚಬೇಕಾಯಿತು. ನಿಮಗೆ ಹೇಳಿರಲಿಲ್ಲ. ಹೇಳಿದ್ದರೆ "ನೀನೇನು ಮಾಡಿದೆ ಅವನಿಗೆ?" ಎನ್ನುತ್ತಿದ್ದಿರಿ.

ಇನ್ನೊಂದು ವಿಷಯವನ್ನೂ ಮುಚ್ಚಿಡುವುದಿಲ್ಲ. ಆ ದಿನ ಹಕ್ಕಿ ಅಂಗಡಿಯವನಿಗೆ ಫೋನ್ ಮಾಡಿ ಬಂದು ತೆಗೆದುಕೊಂಡು ಹೋಗು ಎಂದಿದ್ದೆ. ಅವನು ಬಾಗಿಲಿಗೆ ಬಂದಾಗ ಅತ್ತೆ ಪಂಜರ ತಬ್ಬಿಕೊಂಡು ಕೂತುಬಿಟ್ಟರು. "ಒಂದ್ಸಲ ಡಾಕ್ಟರಿಗೆ ತೋರಿಸೋಣಮ್ಮಾ. ಆಮೇಲೆ ನಿನ್ನಿಷ್ಟ" ಎಂದು ಅತ್ತರು.

ಹೀಗಾಗಿ ಹಕ್ಕಿಗಳ ಡಾಕ್ಟರಮ್ಮನ ಹತ್ತಿರ ಹೋದೆವು. ಆಕೆ ಅವನ ಕೊಕ್ಕು, ರೆಕ್ಕೆ, ಹೊಟ್ಟೆ ಎಲ್ಲ ನೋಡಿ ಕಾಯಿಲೆ ಏನೂ ಇಲ್ಲ ಎಂದರು. ಆಮೇಲೆ ನಮ್ಮನ್ನು ವಿಚಾರಿಸಿಕೊಂಡರು.

"ಅವನು ಅರಚಿದಾಗ ನೀವೇನ್ ಮಾಡ್ತೀರಿ?"

"ಕೊಟ್ಬಿಡ್ತೀವಿ. ಊಟದ ಹೊತ್ತಲ್ಲಿ ರಂಪ ಯಾಕೆ ಅಂತ" ಎಂದರು ಅತ್ತೆ.

"ನಿಮಗಿಂತ ಮುಂಚೆ ಯಾರು ಕೊಡ್ತಿದ್ರು?"

"ನನ್ನ ಮಗ. ತನ್ನ ತಟ್ಟೆಯಿಂದಾನೇ."

"ಹಾಗಾದ್ರೆ ಇವನ ತಪ್ಪೇನಿದೆ? ಅರಚಿದ್ರೆ ಸಿಗುತ್ತೆ, ಕಚ್ಚಿದ್ರೆ ಬೇಗ ಸಿಗುತ್ತೆ ಅಂತ ನೀವೆಲ್ಲ ಸೇರಿ ಕಲಿಸಿದ್ದೀರಿ. ಅವನು ಚೆನ್ನಾಗಿ ಕಲಿತಿದ್ದಾನೆ."

ಬಸ್ಸಿನಲ್ಲಿ ವಾಪಸು ಬರುವಾಗ ಪಂಜರವನ್ನು ತೊಡೆಯ ಮೇಲಿಟ್ಟುಕೊಂಡು ಅಕ್ಕಪಕ್ಕ ಕೂತಿದ್ದೆವು. ಇಬ್ಬರೂ ಒಂದೇ ಯೋಚನೆಯಲ್ಲಿದ್ದೆವು ಎಂದು ನನಗೆ ಗೊತ್ತು. ಅದು ಹಕ್ಕಿಯ ಯೋಚನೆಯಾಗಿರಲಿಲ್ಲ.

ಡಾಕ್ಟರಮ್ಮ ಹೇಳಿದ ಪಾಠ ಕೇಳಲು ಸುಲಭ. ನಮ್ಮ ಊಟಕ್ಕೆ ಮೊದಲು ಅವನಿಗೆ ಪಕ್ಕದ ಕೋಣೆಯಲ್ಲಿ ಬಟ್ಟಲು ಇಡಬೇಕು. ಅವನು ದೂರದ ಕೋಲಿನ ಮೇಲೆ ಹೋಗಿ ಕೂತು, ಜುಟ್ಟು ಇಳಿಸಿದ ಮೇಲೆಯೇ ಇಡಬೇಕು. ಕೂತದ್ದಕ್ಕೆ ಒಂದು ಸೂರ್ಯಕಾಂತಿ ಬೀಜ ಬಹುಮಾನ. ಅರಚಿದರೆ ಬೈಯಬಾರದು, ದುರುಗುಟ್ಟಿ ನೋಡಬಾರದು, ತಿರುಗಿ ಹೊರಗೆ ಹೋಗಿಬಿಡಬೇಕು. ಮೇಜಿನ ಮೇಲಿನದು ಒಂದು ಅಗುಳೂ ಇಲ್ಲ.

ಮೊದಲ ದಿನ ಮುಕ್ಕಾಲು ಗಂಟೆ ಅರಚಿದ. ಮೇಲಿನ ಮನೆಯವರು ಬಂದು ಬಾಗಿಲು ಬಡಿದರು. ಎರಡನೆಯ ದಿನ ಬಟ್ಟಲು ಎತ್ತಿ ಗೋಡೆಗೆ ಒಗೆದ. ಐದನೆಯ ದಿನ ಸ್ವಲ್ಪ ತಣ್ಣಗಾದ ಎಂದುಕೊಂಡರೆ ಆರನೆಯ ದಿನ ಮತ್ತೆ ಮೊದಲಿನ ಹಾಗೇ. ಯಾಕೆಂದು ನೋಡಿದರೆ, ಅತ್ತೆ ಮುಷ್ಟಿಯಲ್ಲಿ ಬೇಯಿಸಿದ ಮೊಟ್ಟೆಯ ಚೂರು ಬಚ್ಚಿಟ್ಟುಕೊಂಡು ಹೋಗಿ ಅವನಿಗೆ ಕೊಡುತ್ತಿದ್ದಾರೆ! ಜೀವನದಲ್ಲಿ ಮೊದಲ ಸಲ ಅವರ ಮೇಲೆ ಕೂಗಾಡಿದೆ. "ನಾನು ಬೆರಳು ಕಳ್ಕೊಂಡ್ರೆ ನಿಮಗೆ ಸಮಾಧಾನಾನಾ?" ಎಂದುಬಿಟ್ಟೆ.

ಅವರು ಅಲ್ಲೇ ನೆಲದ ಮೇಲೆ ಕೂತರು. "ನಂಗೆ ಗಲಾಟೆ ತಡ್ಕೊಳ್ಳೋಕಾಗಲ್ಲಮ್ಮಾ, ಮೊದಲಿಂದ್ಲೂ ಅಷ್ಟೇ. ಇವನಿಗೆ ಆಗ ನಾಲ್ಕು ವರ್ಷ. ತಟ್ಟೆ ಎಸೆದ. ಎರಡೇಟು ಹಾಕಲಿಲ್ಲ, ಬೇಡ ಅಂತ್ಲೂ ಅನ್ನಲಿಲ್ಲ. ಒಳಗೆ ಹೋಗಿ ಇನ್ನೊಂದು ತಟ್ಟೆ ತಂದೆ. ಆವತ್ತಿಂದ ತರ್ತಾನೇ ಇದ್ದೆ."

'ಇವನು' ಎಂದದ್ದು ಯಾರನ್ನು ಎಂದು ಬಿಡಿಸಿ ಹೇಳಬೇಕಾಗಿಲ್ಲ ತಾನೆ? ನಾನೂ ಹನ್ನೊಂದು ವರ್ಷ ತಟ್ಟೆ ತಂದವಳೇ. ಉಪ್ಪು ಕಡಿಮೆ ಎಂದು ನೀವು ಮೇಜು ಗುದ್ದಿದಾಗ ಉಪ್ಪಿನ ಡಬ್ಬಿ ಹಿಡಿದು ಓಡಿಬಂದವಳು. ಕೊನೆಯ ಸಲ, ನೀವು ಹೋದ ದಿನ, ಓಡಲಿಲ್ಲ ಅಷ್ಟೆ. "ಡಬ್ಬಿ ಅಲ್ಲೇ ಇದೆ, ತಗೊಳ್ಳಿ" ಎಂದೆ. ನೀವು ಪೆಟ್ಟಿಗೆ ತುಂಬಿದಿರಿ.

ಅತ್ತೆ ಆಮೇಲೆ ಕದ್ದು ಕೊಡಲಿಲ್ಲ. ದೊರೆ ಕಚ್ಚದೆ ಇಂದಿಗೆ ಹತ್ತೊಂಬತ್ತು ದಿನ. ಪೂರ್ತಿ ಸರಿಹೋಗಿದ್ದಾನೆ ಎಂದು ಸುಳ್ಳು ಹೇಳಲಾರೆ. ನಿನ್ನೆ ಕೂಡ ಬುಸುಗುಟ್ಟಿಕೊಂಡು ಬಂದ, ನಾನು ತಿರುಗಿ ನಡೆದೆ, ಬಾಗಿಲ ಆಚೆ ನಿಂತು ಹಲ್ಲು ಕಚ್ಚಿಕೊಂಡು ಕಾದೆ. ಸಾಕಾಗಿದೆ ನನಗೆ. ಅವನ ಮೇಲೆ ಇನ್ನೂ ಪ್ರೀತಿ ಬಂದಿಲ್ಲ, ಬರುತ್ತದೆ ಎಂದೂ ಅನಿಸುವುದಿಲ್ಲ. ಆದರೆ ಬಾಗಿಲು ತೆರೆದಾಗ ಅವನು ಕೋಲಿನ ಮೇಲೆ ಜುಟ್ಟು ಇಳಿಸಿ ಕೂತಿದ್ದ.

ಆದ್ದರಿಂದ ಅವನನ್ನು ಕಳಿಸುವುದಿಲ್ಲ. ಒಂದೇ ದಿನ ನಿಮ್ಮ ತಟ್ಟೆಯ ಪಕ್ಕ ಕೂತರೆ ಇಷ್ಟೂ ದಿನದ ಪಾಡು ನೀರುಪಾಲು. ಅತ್ತೆಯ ವಿಷಯ ಬೇರೆ. ನೀವು ಅವರ ಮಗ, ಅವರು ಬರುವುದಾದರೆ ತಡೆಯಲು ನಾನು ಯಾರು? ಸಂಜೆ ಮನೆಗೆ ಹೋಗಿ ಈ ಕಾಗದವನ್ನು ಪೂರ್ತಿ ಓದಿ ಹೇಳುತ್ತೇನೆ. ಅವರು ಏನು ಹೇಳಿದರೂ ಹಾಗೆಯೇ ಬರೆಯುತ್ತೇನೆ.

ನಿಮ್ಮ ಹೆಂಡತಿ ಎಂದು ಸಹಿ ಹಾಕಲು ಇವತ್ತು ಮನಸ್ಸಿಲ್ಲ.

ಇಂತಿ,
ನಿಮ್ಮ ಅಮ್ಮನ ಸೊಸೆ

ವಿ.ಸೂ.: ಓದಿ ಹೇಳಿದೆ. ಅತ್ತೆ ಬಹಳ ಹೊತ್ತು ಕಣ್ಣೊರೆಸಿಕೊಂಡರು. ಆಮೇಲೆ "ಬರಲ್ಲ ಅಂತ ಬರಿ" ಎಂದರು. ನಿಮಗೆ ಬೇಜಾರಾಗುತ್ತದೆ ಎಂದೆ. "ಆಗ್ಲಿ. ನೋಡ್ಬೇಕು ಅನ್ನಿಸಿದ್ರೆ ಅವನೇ ಬರ್ಲಿ, ಬಡಿಸ್ತೀನಿ. ನಾನೀಗ ಕೂತ್ಕೊಂಡು ಬಿಸಿಬಿಸಿಯಾಗಿ ಉಣ್ತಿದ್ದೀನಿ. ಈ ವಯಸ್ಸಲ್ಲಿ ಅದನ್ನ ಬಿಟ್ಟು ಎಲ್ಲಿಗೂ ಬರಲ್ಲ." ಹನ್ನೊಂದು ವರ್ಷವೂ ಅವರು ನಮ್ಮಿಬ್ಬರ ಊಟ ಮುಗಿದ ಮೇಲೆ, ಅಡುಗೆಮನೆಯಲ್ಲಿ ನಿಂತು, ಆರಿದ್ದನ್ನು ಉಣ್ಣುತ್ತಿದ್ದರು. ಅವರಿಗೆ ಅದೇ ಇಷ್ಟ ಎಂದು ನಾನೂ ನಂಬಿಕೊಂಡಿದ್ದೆ.