ಎರಡು ಸಲ ಕೂಗುವ ಹೆಸರು

ಪ್ರೀತಿಯ ದೊಡ್ಡವ್ವ,

ನೀನು ಹೋಗಿ ವರ್ಷ ತುಂಬುತ್ತಾ ಬಂತು. ತಿಥಿಗೆ ಬೆಳಗೋಡಿಗೆ ಬರುತ್ತೇನೆ. ಆದರೆ ಅವ್ವನ ಮುಖ ನೋಡಿಕೊಂಡು ಇದನ್ನೆಲ್ಲ ಹೇಳಲಾರೆ, ಅದಕ್ಕೇ ನಿನಗೆ ಬರೆಯುತ್ತಿದ್ದೇನೆ. ನಿನಗೆ ಓದಲು ಬರುತ್ತಿರಲಿಲ್ಲ, ಗೊತ್ತು. ನನ್ನ ಅಂಕಪಟ್ಟಿಯನ್ನು ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಹತ್ತಿರ ಮೂರು ಸಲ ಓದಿಸಿದವಳಲ್ಲವೇ ನೀನು? ಇದನ್ನೂ ಅಲ್ಲಿ ಯಾರನ್ನಾದರೂ ಹಿಡಿದು ಓದಿಸಿಕೋ.

ವಿಮಾನದಲ್ಲಿ ಕೆಲಸ ಸಿಕ್ಕಿತು ಎಂದು ಹೇಳಲು ಬಂದಾಗ ನೀನು ಕೇಳಿದ್ದು ಒಂದೇ ಪ್ರಶ್ನೆ. "ಅಲ್ಲ ಕಣೇ, ಮೇಲ್ ಹೋಗಿ ಕೆಟ್ಟೋದ್ರೆ ಏನ್ಮಾಡ್ತೀರಿ? ಜೀಪಾದ್ರೆ ಇಳ್ದು ತಳ್ಬೋದು." ಅದಕ್ಕೆಲ್ಲ ತರಬೇತಿ ಐತೆ ಎಂದು ನಕ್ಕಿದ್ದೆ. ತರಬೇತಿಯೇನೋ ಇತ್ತು. ಹೋದ ತಿಂಗಳು, ಒಂದು ಚಕ್ರ ಸರಿಯಾಗಿ ಇಳಿಯುತ್ತಿಲ್ಲ ಎಂದು ಪೈಲಟ್ ತಿಳಿಸಿದಾಗ ನಾವ್ಯಾರೂ ಗಾಬರಿ ತೋರಿಸಲಿಲ್ಲ. ಇಂಧನ ಕಡಿಮೆಯಾಗಲೆಂದು ಮುಕ್ಕಾಲು ಗಂಟೆ ಮೇಲೆಯೇ ಸುತ್ತಿದೆವು. ಕೆಳಗೆ ಉಳಿದ ವಿಮಾನಗಳನ್ನೆಲ್ಲ ತಡೆದು, ರನ್‌ವೇ ಪಕ್ಕದಲ್ಲಿ ಫೈರ್ ಎಂಜಿನ್, ಆಂಬುಲೆನ್ಸ್ ಸಾಲಾಗಿ ನಿಲ್ಲಿಸಿದ್ದರು. ತಲೆ ಹೇಗೆ ಬಗ್ಗಿಸಬೇಕು, ಯಾವ ಬಾಗಿಲಿಗೆ ಓಡಬೇಕು ಎಂದು ಸಾಲು ಸಾಲಿಗೂ ಹೋಗಿ ತೋರಿಸಿದೆ. ಆಮೇಲೆ ನನ್ನ ಸೀಟಿಗೆ ಬಂದು ಬೆಲ್ಟ್ ಹಾಕಿಕೊಂಡೆ.

ವಿಮಾನ ಒಂದು ಪಕ್ಕಕ್ಕೆ ವಾಲಿ, ಉಜ್ಜಿಕೊಂಡು ಹೋಗಿ ನಿಂತಿತು. ಒಳಗೆಲ್ಲ ಹೊಗೆ. ಬಾಗಿಲು ತೆರೆದು, ಗಾಳಿ ತುಂಬಿದ ಜಾರುಬಂಡೆಯ ಮೇಲೆ ಒಬ್ಬೊಬ್ಬರನ್ನೇ ತಳ್ಳಿದೆವು. ಬ್ಯಾಗ್ ಬಿಡಿ, ಬ್ಯಾಗ್ ಬಿಡಿ ಎಂದು ಕೂಗಿ ಕೂಗಿ ನನ್ನ ಗಂಟಲು ಬಿದ್ದುಹೋಗಿತ್ತು. ಕೊನೆಗೆ ಹೊಗೆಯೊಳಕ್ಕೆ ಮುಖ ಮಾಡಿ, ಯಾರಾದರೂ ಇದ್ದೀರಾ ಎಂದೆ. ಉತ್ತರ ಬರಲಿಲ್ಲ. ನಾನೂ ಜಾರಿದೆ. ದೂರದ ಹುಲ್ಲಿನ ಮೇಲೆ ಎಲ್ಲರನ್ನೂ ಕೂರಿಸಿ, ನಿಲ್ದಾಣದ ಅಧಿಕಾರಿಯೊಬ್ಬರು ಕಾಗದ ಹಿಡಿದು ತಲೆ ಎಣಿಸಿದರು. "ನೂರಾ ಹನ್ನೆರಡು. ಸರಿ ಇದೆಯಾ?" ಎಂದು ನನ್ನನ್ನು ಕೇಳಿದರು. ಸರಿ ಇದೆ ಎಂದೆ. ಹೌದು ದೊಡ್ಡವ್ವ, ನಾನೇ ಹೇಳಿದ್ದು.

ನಿನ್ನ ಹಾಜರಿ ನೆನಪಿದೆಯಾ? ಹಾನುಬಾಳಿನ ಎಸ್ಟೇಟಿನಲ್ಲಿ ಕಾಫಿ ಹಣ್ಣು ಬಿಡಿಸುವ ಹೆಂಗಸರಿಗೆ ನೀನು ಮೇಸ್ತ್ರಿ. ಜೀಪ್ ಹೊರಡುವ ಮುಂಚೆ ಒಬ್ಬೊಬ್ಬರ ಹೆಸರನ್ನೂ ಕೂಗುತ್ತಿದ್ದೆ, ಅವರು "ಬಂದೆ" ಅನ್ನಬೇಕು. ಕಂಕುಳಲ್ಲಿ ಕೂಸಿದ್ದವಳ ಹೆಸರು ಮಾತ್ರ ಎರಡು ಸಲ. ಎರಡನೇ ಸಲ ಕೂಸನ್ನು ಎತ್ತಿ ತೋರಿಸಿಯೇ "ಬಂದೆ" ಅನ್ನಬೇಕಿತ್ತು. "ನಮ್ ಮೇಸ್ತ್ರಿಗೆ ಕಿವಿ ಮಂದ ಕಣ್ರೀ" ಎಂದು ಹೊಸಬರು ನಗುತ್ತಿದ್ದರು. ಹಳಬರು ನಗುತ್ತಿರಲಿಲ್ಲ, ಯಾಕೆಂದರೆ ಅದು ಶುರುವಾದದ್ದು ನನ್ನಿಂದ. ಆನೆ ಬಂತೆಂದು ಎಲ್ಲರೂ ಓಡಿ ಜೀಪ್ ಹತ್ತಿದ ದಿನ ನೀನು ತಲೆ ಎಣಿಸಿದ್ದೆ, ಲೆಕ್ಕ ಸರಿಹೋಗಿತ್ತು. ತೋಟದ ಸಿಲ್ವರ್ ಓಕ್ ಮರಕ್ಕೆ ಕಟ್ಟಿದ್ದ ಸೀರೆಯ ಜೋಲಿಯಲ್ಲಿ ಐದು ತಿಂಗಳ ನಾನು ಉಳಿದುಹೋಗಿದ್ದೆ. ನೀನು ಎತ್ತಿಕೊಂಡಿದ್ದೀಯ ಎಂದು ಅವ್ವ, ಅವ್ವ ಎತ್ತಿಕೊಂಡಿದ್ದಾಳೆ ಎಂದು ನೀನು. ಡ್ರೈವರ್ ಜೀಪ್ ತಿರುಗಿಸಲು ಒಪ್ಪಲಿಲ್ಲ. ನೀನೊಬ್ಬಳೇ ಇಳಿದು ಆ ತೋಟಕ್ಕೆ ವಾಪಸ್ ಹೋದೆ. ಅವತ್ತು ಕಾಲುವೆಗೆ ಬಿದ್ದು ಉಳುಕಿದ ಕಾಲು ಕೊನೆಯವರೆಗೂ ಸರಿಹೋಗಲಿಲ್ಲ.

ಹುಲ್ಲಿನ ಮೇಲೆ ಬರಿಗಾಲಲ್ಲಿ ಕೂತಿದ್ದ ಹೆಂಗಸಿನ ಕೈಯಲ್ಲಿ ಒಂದು ಪುಟ್ಟ ಟೋಪಿ ಇತ್ತು. ಬರೀ ಟೋಪಿ. ನನಗೆ ನಿನ್ನ ದನಿ ಕೇಳಿದಂತಾಯಿತು. "ಅಮ್ಮಾ, ಮಗು ಎಲ್ಲಿ?" ಎಂದೆ. "ಅವರ ಹತ್ರ ಇದೆ" ಎಂದಳು. ಹಿಂದಿನ ಬಾಗಿಲಿಂದ ಇಳಿದು ಹುಲ್ಲಿನ ಇನ್ನೊಂದು ತುದಿಯಲ್ಲಿ ಕೂತಿದ್ದ ಅವಳ ಗಂಡ ಅಷ್ಟರಲ್ಲಿ ಅವಳನ್ನು ಹುಡುಕಿಕೊಂಡು ಓಡಿ ಬರುತ್ತಿದ್ದ. ಕೈ ಖಾಲಿ ಇತ್ತು. ಮಡಿಲಲ್ಲಿ ಕೂರುವ ಮಗುವಿಗೆ ಸೀಟಿಲ್ಲ. ಅಧಿಕಾರಿಯ ಕಾಗದದಲ್ಲಿ ಅದು ನೂರಾ ಹನ್ನೆರಡರೊಳಗೆ ಸೇರದೆ ಕೊನೆಯಲ್ಲಿ, ಬೇರೆ ಸಾಲಿನಲ್ಲಿತ್ತು. ನಾನು ಕಿರುಚಿದ ಮೇಲೆ ಅಗ್ನಿಶಾಮಕದ ಒಬ್ಬರು ಒಳಗೆ ನುಗ್ಗಿ, ಸೀಟಿನ ಅಡಿಯಿಂದ ಎತ್ತಿ ತಂದರು. ತುಟಿ ನೀಲಿಯಾಗಿತ್ತು, ದೊಡ್ಡವ್ವ. ನಾನು ಸರಿ ಇದೆ ಎಂದು ಹೇಳಿ ಆಗಲೇ ನಾಲ್ಕು ನಿಮಿಷ ಆಗಿತ್ತು. ಆ ನಾಲ್ಕು ನಿಮಿಷ ಅದು ಒಳಗೆ ಒಂದೇ...

ಮಗು ಒಂಬತ್ತು ದಿನ ಆಸ್ಪತ್ರೆಯಲ್ಲಿತ್ತು. ಅಷ್ಟರಲ್ಲಿ ನಾನು ವರದಿ ಬರೆಯಬೇಕಿತ್ತು. "ಎಣಿಕೆ ಸರಿ ಇತ್ತಲ್ಲಮ್ಮ, ಅಷ್ಟು ಬರೆದರೆ ಸಾಕು" ಎಂದರು ನಮ್ಮ ಮೇಲಿನವರೊಬ್ಬರು, ನನ್ನ ಒಳ್ಳೆಯದಕ್ಕೇ. ಪೆನ್ನು ಹಿಡಿದು ಕೂತೆ. ನೀನು ಹಾಗೆ ಮಾಡಬಹುದಿತ್ತಲ್ಲವೇ? ತಂಗಿ ಮರೆತಳು ಎಂದಿದ್ದರೆ ಯಾರು ಕೇಳುತ್ತಿದ್ದರು? ನೀನು ಜೀವಮಾನವಿಡೀ, ದಿನಕ್ಕೊಂದು ಸಲ, ಎಲ್ಲರ ಎದುರು ನಿನ್ನ ತಪ್ಪನ್ನು ಕೂಗಿ ಹೇಳಿದೆ. ಸರಿ ಇದೆ ಎಂದವಳು ನಾನು, ಮಗುವನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ ಎಂದು ಬರೆದೆ. ಮಡಿಲ ಮಗು ಇರುವ ತಾಯಿಯನ್ನು ಎರಡು ಸಲ ಕೂಗಬೇಕು ಎಂದೂ ಸೇರಿಸಿದೆ. ವಿಚಾರಣೆ ಮುಗಿಯುವವರೆಗೆ ನನ್ನನ್ನು ಹಾರಾಟದಿಂದ ಇಳಿಸಿದ್ದಾರೆ. ಕೆಲಸ ಉಳಿಯುತ್ತದೋ ಇಲ್ಲವೋ. ಭಯವಾಗುತ್ತಿದೆ.

ಇನ್ನೊಂದು ಸಂಕಟ ಹಳೆಯದು. ಈ ಕೆಲಸ ಬೇಡ ಎಂದು ನೀನು ಆಮೇಲೆ ಹಟ ಹಿಡಿದ ದಿನ ನಾನು ಏನೆಂದೆ? "ನನ್ನ ಕಾಡಲ್ ಬುಟ್ ಬಂದವ್ಳು ನೀನು, ಈಗ್ಯಾಕೆ ನನ್ ಚಿಂತೆ?" ನೀನು ಒಲೆಯ ಮೇಲಿದ್ದ ಹಾಲನ್ನು ಇಳಿಸಿ, ಕುಂಟುತ್ತಾ ಹೊರಗೆ ಹೋದೆ. ಆಮೇಲೆ ನಾವು ಎಷ್ಟೋ ಸಲ ಮಾತಾಡಿದೆವು, ನಕ್ಕೆವು ಕೂಡ. ಆ ಮಾತನ್ನು ಮಾತ್ರ ನಾನು ವಾಪಸ್ ತೆಗೆದುಕೊಳ್ಳಲಿಲ್ಲ. ಸಮಯ ಇದೆ ಅಂದುಕೊಂಡಿದ್ದೆ.

ನಿನ್ನೆ ಆ ತಾಯಿ ಫೋನ್ ಮಾಡಿದ್ದಳು. ಮಗಳು ಮನೆಗೆ ಬಂದಿದ್ದಾಳೆ, ಹಾಲು ಕುಡಿಯುತ್ತಿದ್ದಾಳೆ. ಅದನ್ನು ಹೇಳಿ ಅತ್ತುಬಿಟ್ಟಳು. "ದೊಡ್ಡವಳಾದ ಮೇಲೆ ಇವಳಿಗೆ ಗೊತ್ತಾದ್ರೆ ನನ್ನ ಕ್ಷಮಿಸ್ತಾಳಾ, ಹೇಳಿ" ಎಂದಳು.

"ಕ್ಷಮಿಸ್ತಾಳೆ" ಎಂದೆ. "ನನ್ನನ್ನೂ ಹೀಗೇ ಬಿಟ್ಟು ಬಂದಿದ್ದ ದೊಡ್ಡವ್ವನ್ನ ನಾನು ಕ್ಷಮಿಸಿದ್ದೆ. ಅವರಿಗೆ ಹೇಳ್ಲಿಲ್ಲ, ಅಷ್ಟೇ."

ತಿಥಿಯ ದಿನ ಎಡೆ ಇಟ್ಟ ಮೇಲೆ ನಿನ್ನ ಹೆಸರನ್ನು ಎರಡು ಸಲ ಕೂಗುತ್ತೇನೆ. ಕೇಳಿಸಿಕೋ.

ನಿನ್ನ ಜೋಲಿಯ ಕೂಸು